ತಡವಾಗಿ ಬರುವ ಉತ್ತರ

ದೋಷ ನೆಟ್‌ವರ್ಕ್ ಕಾರ್ಡಿನದೇ ಇರಬಹುದೇ? ರಿಪೇರಿಗೆ ಬಂದ ಗುರುಪಾದನಿಗೆ ನಂಬಿಕೆ ಬರಲಿಲ್ಲ. ತೀರಿಕೊಂಡವರು ಮಾತಾಡುವ ಪೆಟ್ಟಿಗೆ ಈಗ ಎಲ್ಲರ ಮನೆಯಲ್ಲೂ ಇತ್ತು. ನೀಲವ್ವನ ಗಂಡ ಮಾತ್ರ ಬಹಳ ತಡಮಾಡಿ ಉತ್ತರಿಸುತ್ತಾನೆಂದು ಅವಳ ದೂರು. ಗುರುಪಾದ ಕೇಬಲ್ ಬದಲಿಸಿ, ಪರೀಕ್ಷೆಗೆಂದು ಪಿಂಗ್ ಸಂಕೇತವೊಂದನ್ನು ಕಳಿಸಿದ. ಅದು ತಕ್ಷಣ ಮರಳಿತು.

“ಕೇಳಸ್ತೈತೇನ್ರಿ ಯಜಮಾನ್ರ?” ಎಂದ.

“ಕೇಳಸ್ತೈತೋ ತಮ್ಮಾ. ಚಾ ಕೊಟ್ಟಳೋ ಇಲ್ಲೋ ಆ ಜುಗ್ಗಿ?” ದನಿ ಕೂಡಲೇ ಬಂತು.

ನೀಲವ್ವ ಅಡುಗೆಮನೆಯಿಂದ ಚಹಾ ತಂದಳು. “ನನ್ನ ನೆನಸ್ತೀರೇನ್ರಿ?” ಎಂದು ಪೆಟ್ಟಿಗೆಯನ್ನು ಕೇಳಿದಳು.

ಚಹಾ ಆರುವಷ್ಟು ಹೊತ್ತು ಮೌನ. ಆಮೇಲೆ, “ಹೂಂ.”

“ನೋಡಪಾ, ಕಾರ್ಡ್ ಕೆಟ್ಟೈತಿ, ಹೌದಲ್ಲ?” ಅವಳು ಗುರುಪಾದನ ಕಡೆ ತಿರುಗಿದಳು.

“ಹೌದ್ರಿ ಅಕ್ಕಾರ. ರಿಪೇರಿ ಆಗೂದಿಲ್ಲ.”

ಇನ್ನು ಯಾರು ಮಾತಾಡಿಸಿದರೂ ಉತ್ತರ ತಡವಾಗಿಯೇ ಬರುವಂತೆ ಅವನು ಕಾರ್ಡಿನ ವೇಗವನ್ನು ಇಳಿಸಿದ. ಕಾರ್ಡಿಗೆ ಏನೂ ಆಗಿರಲಿಲ್ಲವೆಂದು ಅವನು ನೀಲವ್ವನಿಗೆ ಹೇಳಲೇ ಇಲ್ಲ.