ಕಿತ್ತ ಭಾಗಗಳ ಪಟ್ಟಿ

ಕಿತ್ತೆಸೆದ ಭಾಗಗಳ ಪಟ್ಟಿಯಲ್ಲಿ ಉತ್ತರ ಥಾಯ್ಲೆಂಡಿನ ಹಳೇ ಅಕ್ಷರಗಳಿಗಾಗಿ ತಾನೇ ಬರೆದ ‘ಲಾನ್ನಾ ಲಿಪಿ’ಯ ಹೆಸರು ಕಂಡು ಬುವಾಖಾಮ್ ನಕ್ಕುಬಿಟ್ಟಳು. ಚಿಯಾಂಗ್ ಮಾಯ್ ಮಠಗಳ ಹಳೇ ಕಂಪ್ಯೂಟರುಗಳಿಗೆ ಇಂಟರ್ನೆಟ್ ಇಲ್ಲ. ತಾಳೆಗರಿ ಓದಿಸಲು ಅವಳೂ ಪಾಲುದಾರ ಉದೋಮನೂ ಮಾಡಿದ ತಂತ್ರಾಂಶ ತನಗೆ ಬೇಕಾದ್ದನ್ನೆಲ್ಲ ಒಡಲಲ್ಲೇ ಹೊತ್ತು ಹೋಗಬೇಕು. ಅದರ ಭಾರ ಇಳಿಸಲೆಂದು, ಎಲ್ಲೂ ಬಳಕೆಯಾಗದ ಕೋಡ್ ಭಾಗಗಳನ್ನು ತಾನೇ ಹುಡುಕಿ ತೆಗೆಯುವ ಸಾಧನವನ್ನು ಅವಳು ಈಗಷ್ಟೇ ಓಡಿಸಿದ್ದಳು.

“ಇದಕ್ಕೆ ತಲೆ ಕೆಟ್ಟಿದೆ ಕಣೋ. ಅಕ್ಷರ ಮೂಡಿಸೋ ನನ್ನ ಭಾಗಾನೇ ಕಿತ್ತಾಕಿದೆ,” ಎಂದಳು ಎದುರು ಕೂತಿದ್ದ ಉದೋಮ್‌ನಿಗೆ. ಮಠದ ವೃದ್ಧ ಭಿಕ್ಷು ನಿಯಮದಂತೆ ಹೆಂಗಸಿನ ಕೈಗೆ ಕೊಡದೆ ಚಾಪೆಯ ಮೇಲಿಡುತ್ತಿದ್ದ ಗರಿಗಳನ್ನೆತ್ತಿಕೊಂಡು, ಒಂದೊಂದೇ ಒತ್ತಕ್ಷರ ಕೇಳಿ ಮೂರು ವರ್ಷ ಬರೆದದ್ದು ಅದು. ಈಗ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳೇ ಕಾಣುತ್ತವೆಂದುಕೊಂಡು ತಂತ್ರಾಂಶ ತೆರೆದಳು. ಅಕ್ಷರಗಳು ಒಂದೂ ತಪ್ಪದೆ ಮೂಡಿದವು.

ಉದೋಮ್ ಖಾವ್ ಸೋಯ್ ನೂಡಲ್ಸ್ ಬಟ್ಟಲಿನಿಂದ ತಲೆ ಎತ್ತಲಿಲ್ಲ. “ಹೋದ ವರ್ಷಾನೇ ನಿಮ್ಮದರ ಬದಲು ಬೇರೆಯವರದ್ದು ಹಾಕ್ಬಿಟ್ಟೆ ಅಕ್ಕಾ. ಅದು ಬೇಗ ಓಡುತ್ತೆ.”

“ಮೊನ್ನೆ ಸೋಮವಾರ ಭಿಕ್ಷುಗಳು ಹೇಳಿದ ತಿದ್ದುಪಡಿ ಕೊಟ್ಟಾಗ, ಸೇರಿಸಿದೆ ಅಂದ್ಯಲ್ಲೋ.”

“ಪ್ರತಿ ವಾರ ಅಷ್ಟು ಖುಷಿಯಾಗಿ ತರ್ತಿದ್ರಿ.” ಉದೋಮ್ ಬಟ್ಟಲಿಗೆ ನಿಂಬೆ ಹಿಂಡಿದ. “ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ.”