ಸಿದ್ದಾಪುರ ಗುಡ್ಡದ ಹಸಿರು ಬೊಟ್ಟುಗಳು

ಯಾರೋ ಕೈಚಳಕ ತೋರಿಸಿದ್ದಾರೆ. ಚಳ್ಳಕೆರೆಯ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದ ಸ್ವಪ್ನಳಿಗೆ ಅದರಲ್ಲಿ ಅನುಮಾನವೇ ಉಳಿಯಲಿಲ್ಲ.

ಕಳೆದ ಬೇಸಿಗೆಯ ಕಾಳ್ಗಿಚ್ಚಿಗೆ ಸಿದ್ದಾಪುರದ ಗುಡ್ಡ ಸುಟ್ಟು ಕರಕಲಾಗಿತ್ತು. ಅದು ಮತ್ತೆ ಹೇಗೆ ಚಿಗುರುತ್ತದೆಂದು ಉಪಗ್ರಹದ ಚಿತ್ರಗಳಲ್ಲಿ ನೋಡುತ್ತ ಹೋಗುವುದು ಅವಳ ಕೆಲಸ. ಚಿತ್ರಕ್ಕೂ ನೆಲಕ್ಕೂ ತಾಳೆಯಾಗಲೆಂದು ಗುಡ್ಡದಲ್ಲಿ ಅಲ್ಲಲ್ಲಿ ಕಲ್ಲು ನೆಟ್ಟು, ಸುಣ್ಣ ಬಳಿದು ಬಂದಿದ್ದಳು. ಈಗ ನೋಡಿದರೆ ಗುಡ್ಡವೆಲ್ಲ ಬೋಳು. ಅವಳ ಕಲ್ಲುಗಳ ಸುತ್ತ ಮಾತ್ರ ಬಳೆ ಇಟ್ಟು ಗೀಚಿದಂತೆ ದುಂಡಗೆ ಹಸಿರು!

ಯಾರೋ ಅಲ್ಲಿಗೆ ನೀರು ಹೊಯ್ದು ಅವಳನ್ನು ಮೆಚ್ಚಿಸಲು ಹೊರಟಿರಬೇಕು. ಹಾಗಿದ್ದರೆ ಚಿತ್ರ ಸುಳ್ಳು. ಚಿತ್ರ ಸುಳ್ಳಾದರೆ ಗುಡ್ಡವೂ ಹೋಯಿತು. ಅರಣ್ಯಾಧಿಕಾರಿ ಜಂಬುಲಿಂಗಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ತಾನಾಗೇ ಚಿಗುರುತ್ತೆ ಅಂತ ತೋರಿಸಮ್ಮಾ. ಇಲ್ಲದಿದ್ರೆ ಜೆಸಿಬಿ ಹತ್ತಿಸಿ ಗುಂಡಿ ತೋಡಿಸ್ತೀನಿ, ನೀಲಗಿರಿ ಹಾಕಿಸ್ತೀನಿ." ಜೆಸಿಬಿ ಹತ್ತಿದರೆ ಮಣ್ಣಿನೊಳಗೆ ಇನ್ನೂ ಜೀವ ಹಿಡಿದಿರುವ ಕಮರದ ಮರಗಳ ಬೇರುಗಳ ಕಥೆ ಮುಗಿದಂತೆ.

ಬೆಳಿಗ್ಗೆಯೇ ಬಸ್ಸು ಹತ್ತಿದಳು. ಗುಡ್ಡ ಏರಿ ಮೊದಲ ಕಲ್ಲು ಕಂಡವಳೇ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಕಲ್ಲಿಗೆ ಅರಿಶಿನ, ಕುಂಕುಮ, ಕಣಗಿಲೆ ಹೂವು. ಮುಂದೆ ಒಡೆದ ತೆಂಗಿನಕಾಯಿ. ಪಕ್ಕದಲ್ಲಿ ಕೈಮುಗಿದು ಕೂತಿದ್ದವಳು ದುರುಗಕ್ಕ. ಅವತ್ತು ಸುಣ್ಣದ ಬಕೆಟ್ ಹೊತ್ತು ಸ್ವಪ್ನಳ ಹಿಂದೆಯೇ ಗುಡ್ಡ ಹತ್ತಿದ್ದ ಕೂಲಿಯಾಕೆ!

"ಅಕ್ಕಾ, ಇದು ದೇವರಲ್ಲ... ಇಲ್ಲಿಗೆ ನೀರು ಹಾಕ್ತಿರೋದು ಯಾರು?"

ದುರುಗಕ್ಕ ಅತ್ತಿತ್ತ ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ನಂಗೊತ್ತಿಲ್ವೇನವ್ವಾ? ಸುಣ್ಣ ಹೊತ್ತೋಳೇ ನಾನು. ಫಾರೆಸ್ಟ್‌ನೋರು ಮೇಯಿಸಬ್ಯಾಡ್ರಿ ಅಂತ ಬೋರ್ಡ್ ಹಾಕಿದ್ರಲ್ಲ, ಅದ್ನ ಯಾರೋ ಒಲೆಗೆ ಹಾಕ್ಕಂಡ್ರು. ಅದಕ್ಕೇ ಕುಂಕುಮ ಇಟ್ಟೆ. ಒಂದು ಕುರೀನೂ ಹತ್ರ ಬಂದಿಲ್ಲ ನೋಡು. ನೀರು ಗೀರು ಯಾರೂ ಹಾಕಿಲ್ಲ. ಕುರಿ ಕಾಯೋ ಕೆಂಚಣ್ಣನ ಮುಂದೆ ಮಾತ್ರ ಬಾಯಿ ಬಿಡಬ್ಯಾಡ ಕಣವ್ವಾ, ಅವನು ಪೂರಾ ನಂಬ್ಕಂಡವ್ನೆ."

ಸ್ವಪ್ನಳ ಎದೆ ಹಗುರಾಯಿತು. ಕುರಿ ಬಾಯಿ ಹಾಕದಿದ್ದರೆ ಗುಡ್ಡ ತಾನಾಗೇ ಏಳುತ್ತದೆ. ಚಿತ್ರ ನಿಜವನ್ನೇ ಹೇಳಿತ್ತು.

ಇಳಿಜಾರಿನಲ್ಲಿ ಕುರಿಗಾರ ಕೆಂಚಣ್ಣ ಎದುರಾದ. ಚಪ್ಪಲಿ ಕೈಯಲ್ಲಿ ಹಿಡಿದು, ಮಂದೆಯನ್ನು ದೂರದಿಂದಲೇ ಸುತ್ತು ಹಾಕಿಸುತ್ತಿದ್ದ. ದುರುಗಕ್ಕನ ಕಣ್ಣಳತೆ ದಾಟಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಪಿಸುಗುಟ್ಟಿದ.

"ಮೇಡಂನೋರೆ, ಅದು ನಿಮ್ಮ ಅಳತೆ ಕಲ್ಲು ಅಂತ ಊರಿಗೆಲ್ಲ ಗೊತ್ತೈತೆ. ದುರುಗಕ್ಕಂಗೆ ಹೇಳಬ್ಯಾಡ್ರಿ, ಪಾಪ, ನೊಂದ್ಕಂತಾಳೆ. ಹುಲ್ಲು ಏಳ್ಲಿ ಅಂತ ನಾವೂ ಕೈ ಮುಗೀತೀವಿ. ಮುಂದೆ ನಮ್ ಕುರಿಗೇ ತಾನೆ?"

ಅರಣ್ಯ ಕಚೇರಿಯಿದ್ದ ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ ಸ್ವಪ್ನ ಒಬ್ಬಳೇ ನಗುತ್ತ ಕೂತಿದ್ದಳು. ಆದರೆ ಜಂಬುಲಿಂಗಪ್ಪನವರ ಮೇಜಿನ ಮುಂದೆ ನಿಂತಾಗ ನಗು ಆರಿಹೋಯಿತು. ಓದಿಕೊಂಡ ಮನುಷ್ಯ. ಕುಂಕುಮದ ಕಥೆ ತೆಗೆದರೆ ಎದ್ದು ಹೋಗು ಎಂದಾರು. ಬೇರು, ಮಳೆ, ಮೇವು ಎಂದು ಬೇರೆಯೇ ವಾದ ಸಜ್ಜು ಮಾಡಿಕೊಂಡು ಲ್ಯಾಪ್‌ಟಾಪ್ ಬಿಚ್ಚಿದಳು. ಅವರು ಚಿತ್ರ ನೋಡಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನೆತ್ತಿ, ಜೆಸಿಬಿ ಬೇಡವೆಂದು ಹೇಳಿಯೂ ಆಗಿತ್ತು.

"ಸಾರ್, ಅಂಕಿ-ಅಂಶ ನೋಡೋದಿಲ್ವಾ?"

ಜಂಬುಲಿಂಗಪ್ಪ ಮೇಜಿನಡಿ ಮೆಲ್ಲಗೆ ಬೂಟು ಕಳಚಿ, ಪರದೆಯ ಹಸಿರು ಬೊಟ್ಟುಗಳಿಗೆ ಎರಡೂ ಕೈ ಜೋಡಿಸಿದರು. "ಮೊನ್ನೆ ಗುಟ್ಟಾಗಿ ಹೋಗಿ ಕಾಯಿ ಒಡೆದು ಬಂದೆ, ಇವತ್ತು ಬೆಳಿಗ್ಗೆ ನನ್ನ ವರ್ಗಾವಣೆ ರದ್ದಾಯ್ತು. ಆ ತಾಯಿ ಗುಡ್ಡಕ್ಕೆ ಜೆಸಿಬಿ ಹತ್ತಿಸಕ್ಕಾಗುತ್ತೇನಮ್ಮಾ?"