ಒರೆಸುವ ಮೊದಲು, ಒರೆಸಿದ ಮೇಲೆ

ಎರಡು ಚಿತ್ರಗಳಲ್ಲೂ ಒಲೆ ಒಂದೇ ಥರ ಹೊಳೆಯುತ್ತಿತ್ತು.

ಸ್ಲಾವಿಟ್ಸಾ ಫೋನನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಒಂದರ ಮೇಲೆ 'ಮೊದಲು' ಎಂದಿತ್ತು, ಇನ್ನೊಂದರ ಮೇಲೆ 'ನಂತರ'. ಕೆಳಗೆ ಕೆಂಪಕ್ಷರದಲ್ಲಿ ಸಾಫ್ಟ್‌ವೇರಿನ ತೀರ್ಪು: ವ್ಯತ್ಯಾಸವಿಲ್ಲ.

"ನಾನು ಹೇಳಿರ್ಲಿಲ್ವಾ?" ಎಂದ ನೆಬೋಯ್ಷಾ, ಅವಳ ಮೇಜಿನ ಮೇಲಿದ್ದ ಬಿಸ್ಕತ್ತನ್ನು ಕೇಳದೆ ತೆಗೆದುಕೊಳ್ಳುತ್ತಾ. "ಮನುಷ್ಯರು ಸುಳ್ಳು ಹೇಳ್ತಾರೆ. ಇದು ಹೇಳಲ್ಲ."

ಸರ್ಬಿಯಾದ ನೊವಿಸಾದ್ ಊರಿನಲ್ಲಿ ಮನೆಗಳನ್ನು ಶುಚಿ ಮಾಡಿಸುವ ಅವಳ ಪುಟ್ಟ ಕಂಪನಿ ಇಷ್ಟು ವರ್ಷ ನಡೆದದ್ದು ಗೋಡೆಯ ಕ್ಯಾಲೆಂಡರು ಮತ್ತು ಅವಳ ಬೈಗುಳದ ಬಲದಿಂದ. ಮನೆಗಳು ಹೆಚ್ಚಾದವು. ಒಂದು ಮನೆಗೆ ಇಬ್ಬರು ಹೋಗಿ ಇನ್ನೊಂದಕ್ಕೆ ಯಾರೂ ಹೋಗದ ದಿನಗಳು ಬಂದವು. ಸಾಫ್ಟ್‌ವೇರ್ ಬೇಕೆಂದಾಯಿತು. ಮೊದಲನೆಯದು ಡ್ಯಾನ್ಯೂಬ್ ನದಿಗೆ ಸೇತುವೆಯಿದೆ ಎಂಬುದನ್ನೇ ಒಪ್ಪದೆ, ಎದುರು ದಡದ ಮನೆಗೆ ಅರ್ಧ ಜಿಲ್ಲೆ ಸುತ್ತಿಸಿತು. ಎರಡನೆಯದು ಪ್ರತಿ ಬೆಳಗ್ಗೆ ಪಾಸ್‌ವರ್ಡ್ ಮರೆತಿದ್ದೀರಿ ಎಂದು ಗದರಿತು; ಅವಳು ಮರೆತಿರಲಿಲ್ಲ. ಮೂರನೆಯದನ್ನು ತಂದವನು ನೆಬೋಯ್ಷಾ. ಅವಳ ಮದುವೆಗೆ ಸಾಕ್ಷಿ ನಿಂತವನು, ಅಂದರೆ ಕೂಮ್. ಈ ಊರಲ್ಲಿ ಒಡಹುಟ್ಟಿದವನಿಗೆ 'ಬೇಡ' ಎನ್ನಬಹುದು. ಕೂಮನಿಗೆ ಎನ್ನುವಂತಿಲ್ಲ.

ಇದರ ಕಟ್ಟಳೆ ಸರಳ. ಕೆಲಸದವಳು ಮನೆಯೊಳಗೆ ಕಾಲಿಟ್ಟ ಕೂಡಲೆ ಒಂದು ಚಿತ್ರ, ಕೆಲಸ ಮುಗಿಸಿದ ಮೇಲೆ ಇನ್ನೊಂದು. ಎರಡನ್ನೂ ಹೋಲಿಸಿ ಸಾಫ್ಟ್‌ವೇರು ಯಾರು ದುಡಿಯುತ್ತಾರೆ, ಯಾರು ದುಡಿದಂತೆ ನಟಿಸುತ್ತಾರೆ ಎಂದು ಹೇಳುತ್ತದೆ. ಹೇಳಿಯೂಬಿಟ್ಟಿತು: ಲ್ಯುಬಿಂಕಾ.

ಕಂಪನಿಯ ಮೊದಲ ಕೆಲಸಗಾತಿ ಲ್ಯುಬಿಂಕಾ. ಗಂಡ ಹಾಸಿಗೆ ಹಿಡಿದಿದ್ದ. ಈ ವಯಸ್ಸಿನಲ್ಲಿ ಅವಳನ್ನು ಇನ್ನೆಲ್ಲೂ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿಯೇ ಸ್ಲಾವಿಟ್ಸಾಳಿಗೆ ಸಿಟ್ಟು ಇಮ್ಮಡಿಯಾಯಿತು. ಅವಳನ್ನು ಕರೆಸಿ ಚಿತ್ರಗಳನ್ನು ಮುಖಕ್ಕೆ ಹಿಡಿದಳು.

"ಇದೇನೇ ಇದು?"

"ನ್ಯಾಯಾಧೀಶೆ ಡೆಸಂಕಾ ಅವರ ಅಡುಗೆಮನೆ."

"ಅಷ್ಟು ನನಗೂ ಗೊತ್ತು. ಎರಡೂ ಒಂದೇ ಥರ ಯಾಕಿದೆ? ಎರಡನ್ನೂ ಕೊನೇಲೇ ತೆಗೆದೆ ತಾನೆ?"

"ಇಲ್ಲ. ಹೇಳಿದ ಹಾಗೇ ತೆಗೆದೆ."

"ಹಾಗಾದ್ರೆ ಮಧ್ಯೆ ಏನು ಮಾಡ್ತಿದ್ದೆ? ಜಪ ಮಾಡ್ತಿದ್ಯಾ?"

ಲ್ಯುಬಿಂಕಾ ಸೆರಗಿಲ್ಲದ ಊರಿನವಳು. ಇದ್ದಿದ್ದರೆ ಅದರ ತುದಿಯನ್ನು ತಿರುಚುತ್ತಿದ್ದಳು. ಕೋಟಿನ ಗುಂಡಿ ತಿರುಚಿದಳು. "ಬೇರೆಯೋರ ಮನೆ ಮಾತು ನನ್ನ ಬಾಯಲ್ಲಿ ಬರಲ್ಲ, ಸ್ಲಾವಿಟ್ಸಾ. ಬೇಕಾದ್ರೆ ನೀನೇ ಹೋಗಿ ನೋಡು. ನನಗಿಂತ ಮುಂಚೆ ಹೋಗು."

ಕಳ್ಳಿ ಸವಾಲು ಬೇರೆ ಹಾಕುತ್ತಾಳೆ!

"ಇವತ್ತು ಮಧ್ಯಾಹ್ನದೊಳಗೆ ತೀರ್ಮಾನ ಮಾಡಮ್ಮ," ಎಂದ ನೆಬೋಯ್ಷಾ, ಅವಳು ಹೊರಗೆ ಹೋದ ಮೇಲೆ. "ಒಂದೋ ಈ ಸಾಫ್ಟ್‌ವೇರು, ಇಲ್ಲಾ ಆ ಮುದುಕಿ. ಎರಡೂ ಒಂದೇ ಕಂಪನೀಲಿ ಬಾಳಲ್ಲ."

"ಕೂಮಾ, ಬಿಸ್ಕತ್ತನ್ನಾದ್ರೂ ಕೇಳಿ ತಗೋ," ಎಂದು ಸ್ಲಾವಿಟ್ಸಾ ಎದ್ದಳು. ಲ್ಯುಬಿಂಕಾ ಅದೇ ಮನೆಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದಳು. ಇವಳು ಕಾರು ಹತ್ತಿದಳು.

ನಿವೃತ್ತ ನ್ಯಾಯಾಧೀಶೆಯ ಮನೆ ಹಳೆಯ ಬೀದಿಯಲ್ಲಿತ್ತು. ಏರ್ಪಾಟೆಲ್ಲ ಮಾಡಿದ್ದವನು ಬೆಲ್‌ಗ್ರೇಡಿನಲ್ಲಿರುವ ಮಗ. ಆಕೆಯನ್ನು ಸ್ಲಾವಿಟ್ಸಾ ಕಂಡವಳಲ್ಲ. ಬೇಲಿಯ ಮೇಲೆ ನೆಲಹಾಸುಗಳು ಒಣಗುತ್ತಿದ್ದವು. ಬಾಗಿಲು ತೆರೆದೇ ಇತ್ತು. ಬೆಲ್ ಒತ್ತಿದಳು. ಯಾರೂ ಬರಲಿಲ್ಲ. ಒಳಗಿನಿಂದ ಬ್ರಷ್ಷು ತಿಕ್ಕುವ ಸದ್ದು.

ಚಪ್ಪಲಿ ಕಳಚಿ, ಸದ್ದಾಗದಂತೆ ಅಡುಗೆಮನೆಯವರೆಗೆ ಹೋದಳು.

ತಲೆಗೆ ಮಾಸಿದ ಚೌಕ ಕಟ್ಟಿಕೊಂಡ ಮುದುಕಿಯೊಬ್ಬಳು ಮಂಡಿಯೂರಿ ಒಲೆಯ ಕೆಳಗೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಬಕೆಟ್ಟು, ವಿನಿಗರಿನ ವಾಸನೆ, ಮೊಣಕೈತನಕ ನೊರೆ.

ಸ್ಲಾವಿಟ್ಸಾಳಿಗೆ ಲ್ಯುಬಿಂಕಾಳ ಆಟವೆಲ್ಲ ಅರ್ಥವಾಯಿತು. ಪಾಪದವಳೊಬ್ಬಳನ್ನು ಬೆಳಗ್ಗೆಯೇ ಬಗ್ಗಿಸಿ ದುಡಿಸುವುದು, ಆಮೇಲೆ ತಾನು ಬಂದು ಎರಡು ಚಿತ್ರ ತೆಗೆದು ಹೋಗುವುದು.

"ಏನಮ್ಮ, ಸಿಕ್ಕಿಬಿದ್ದೆಯಲ್ಲ," ಎಂದಳು.

ಮುದುಕಿ ಬೆಚ್ಚಿ ಬ್ರಷ್ಷನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ಅಯ್ಯೋ, ತುಳೀಬೇಡ, ಒದ್ದೆ ಇದೆ. ಯಾರು ನೀನು?"

"ನಾನು ಕಂಪನಿ ಒಡತಿ. ನಿಜ ಹೇಳು, ಇದೆಲ್ಲ ಲ್ಯುಬಿಂಕಾಗೋಸ್ಕರ ತಾನೆ ಮಾಡ್ತಿರೋದು?"

ಮುದುಕಿ ತಲೆ ತಗ್ಗಿಸಿದಳು. "ಅವಳಿಗೋಸ್ಕರವೇ."

"ಯಾವಾಗಿಂದ?"

"ಅವಳು ಬರೋಕೆ ಶುರುಮಾಡಿದಾಗಿಂದ."

"ಅವಳಿಗೆ ಗೊತ್ತಿದ್ದೂ ಸುಮ್ಮನಿದ್ದಾಳಾ?"

"ಗೊತ್ತಿಲ್ಲದ ಹಾಗೆ ಇರ್ತಾಳೆ. ಬಲು ಮರ್ಯಾದಸ್ಥೆ. ಬಂದೋಳು ಒರೆಸಿದ್ದನ್ನೇ ಒಂದ್ಸಲ ಒರೆಸ್ತಾಳೆ."

ಮರ್ಯಾದಸ್ಥೆಯಂತೆ! ಸ್ಲಾವಿಟ್ಸಾ ಫೋನು ತೆಗೆದಳು. ಲ್ಯುಬಿಂಕಾಳ ಹೆಸರಿನ ಎದುರು 'ಕೆಲಸದಿಂದ ತೆಗೆ' ಎಂಬ ಗುಂಡಿ. ಈ ಸಾಫ್ಟ್‌ವೇರಿನಲ್ಲಿ ತಕರಾರಿಲ್ಲದೆ ನಡೆಯುತ್ತಿದ್ದದ್ದು ಅದೊಂದೇ. ಹೆಬ್ಬೆರಳನ್ನು ಅದರ ಮೇಲೆ ತಂದು ಕೊನೆಯ ಪ್ರಶ್ನೆ ಕೇಳಿದಳು:

"ಇಷ್ಟೆಲ್ಲ ನಡೀತಿದೆ ಅಂತ ನ್ಯಾಯಾಧೀಶೆ ಅಮ್ಮನವರಿಗೆ ಗೊತ್ತೇನು?"

ಮುದುಕಿ ಒಲೆಯ ಅಂಚು ಹಿಡಿದು ಎದ್ದು, ತಲೆಯ ಚೌಕ ಬಿಚ್ಚಿ, ಬಕೆಟ್ಟನ್ನು ಅವಸರವಾಗಿ ಬೀರುವಿನೊಳಕ್ಕೆ ತಳ್ಳಿದಳು. "ನಾನೇ ಕಣಮ್ಮ ಆ ನ್ಯಾಯಾಧೀಶೆ, ಸ್ವಲ್ಪ ದಾರಿ ಬಿಡು, ಕೆಲಸದವಳು ಬರೋ ಹೊತ್ತಾಯ್ತು, ಮನೆ ಹೀಗೆ ಗಲೀಜಾಗಿರೋದನ್ನ ಅವಳು ನೋಡಿದ್ರೆ ನನ್ನ ಬಗ್ಗೆ ಏನಂದುಕೊಂಡಾಳು?"